ಸಲಾಮಿನ ಹೊತ್ತಿಗೆ ಇಳಿದ ಕೋಲು

ಕೊಂಬೈ ಊರಿನ ಮೇಲ್ಬೀದಿಯಲ್ಲಿ ಶಿವಬಾಲನ್ ಕೈಯ ಏಟು ತಿನ್ನದೆ ಬೆಳೆದ ಮಕ್ಕಳು ಕಡಿಮೆ. ಕೆಲವರು ಮೀನಖಂಡದ ಮೇಲೆ ತಿಂದರು, ಕೆಲವರು ಅಂಗೈಯಲ್ಲಿ ತಿಂದರು, ಓಡಿಹೋಗಲು ನೋಡಿದವರು ಬೆನ್ನ ಮೇಲೆ ತಿಂದರು. ತಿಂದವರೇ ಮಾರನೆಯ ಬೆಳಗ್ಗೆ ಕಣ್ಣುಜ್ಜಿಕೊಂಡು, ತಮಗಿಂತ ಉದ್ದದ ಬಿದಿರು ಕೋಲನ್ನು ನೆಲದ ಮೇಲೆ ಎಳೆದುಕೊಂಡು, ಹುಣಸೆಮರದ ಕೆಳಗಿನ ಹಳೆಯ ಕಣಕ್ಕೆ ಬಂದು ಸಾಲಾಗಿ ನಿಲ್ಲುತ್ತಿದ್ದರು. ಹೊಡೆದರೂ ಏಕೆ ಬರುತ್ತಾರೆ ಎಂದು ಯಾರಾದರೂ ಕೇಳಿದರೆ, "ಬರದೆ ಎಲ್ಲಿಗೆ ಹೋಗ್ತವೆ? ಕಾಲು ಮುರಿದುಬಿಡ್ತೀನಿ" ಎನ್ನುತ್ತಿದ್ದ. ಅವನ ಹೆಂಡತಿ ಸರಸು ಒಳಗಿನಿಂದಲೇ ಹೌದು ಹೌದೆಂಬಂತೆ, "ಆಮಾ, ಮುರಿಯೋದೂ ಇವರೇ, ಕಟ್ಟೋದೂ ಇವರೇ. ಊರಿಗೆ ಬೇರೆ ಆಸ್ಪತ್ರೆ ಯಾಕೆ?" ಎಂದು ಸೇರಿಸುತ್ತಿದ್ದಳು.

ಅವಳ ಮಾತು ಸುಳ್ಳಲ್ಲ. ಸಿಲಂಬ, ಅಂದರೆ ಕೋಲಿನ ಕಾಳಗ ಕಲಿಸುವ ವಾದ್ಯಾರ್ ಮೂಳೆ ಕಟ್ಟುವುದನ್ನೂ ಕಲಿತಿರಬೇಕು. ಮುರಿದ ಕೈ ಹಿಡಿದುಕೊಂಡು ಬಾಗಿಲಿಗೆ ಬಂದವನು ಹಗೆಯವನಾದರೂ ವಾಪಸು ಕಳಿಸುವಂತಿಲ್ಲ. ಶಿವಬಾಲನಿಗೆ ಈ ಎರಡು ವಿದ್ಯೆಯೂ ಸೋದರಮಾವನಿಂದ ಬಂದದ್ದು. ಮಾವ ಸಾಯುವಾಗ ತನ್ನ ಕೋಲನ್ನು ಇವನ ಕೈಗೆ ಕೊಟ್ಟಿದ್ದ. ಎಣ್ಣೆ ಕುಡಿದು ಕುಡಿದು ಎಮ್ಮೆಯ ಕೊಂಬಿನಂತೆ ಕಪ್ಪಾಗಿದ್ದ ಗಟ್ಟಿ ಬಿದಿರು ಅದು. ಎತ್ತರಕ್ಕೆ ಶಿವಬಾಲನ ಹಣೆಗೆ ಬರುತ್ತಿತ್ತು. ಮನೆಯಲ್ಲಿ ದೇವರ ಪಟಕ್ಕೆ ಹೂವಿಟ್ಟ ಮೇಲೆ ಆ ಕೋಲಿಗೂ ಒಂದೆಸಳು ಬೀಳುತ್ತಿತ್ತು.

ವಯಸ್ಸು ನಲವತ್ತಾರು, ಓದು ನಾಲ್ಕನೇ ಕ್ಲಾಸು. ಹಗಲೆಲ್ಲ ಬೇರೆಯವರ ದ್ರಾಕ್ಷಿ ಚಪ್ಪರದ ಕೆಳಗೆ ಕತ್ತು ಮೇಲೆತ್ತಿ ಬಳ್ಳಿ ಕತ್ತರಿಸುವ ಕೆಲಸ. ಸಂಜೆಗೆ ಹೆಗಲು ಬೆಂಕಿಯಾಗಿರುತ್ತಿತ್ತು. ಆ ಹೆಗಲನ್ನು ಹೊತ್ತುಕೊಂಡೇ ಕಣಕ್ಕೆ ಬಂದರೆ ಅಲ್ಲಿ ಹನ್ನೊಂದು ಮಕ್ಕಳು ಹನ್ನೊಂದು ದಿಕ್ಕಿಗೆ ಕೋಲು ಬೀಸುತ್ತಿರುತ್ತವೆ. ಒಂದಕ್ಕೆ ಮೂಗು ಸುರಿಯುತ್ತಿದೆ. ಒಂದಕ್ಕೆ ಎಡಗಾಲು ಯಾವುದು ಬಲಗಾಲು ಯಾವುದು ಎಂದು ಒಂದು ವರ್ಷವಾದರೂ ತಿಳಿದಿಲ್ಲ. ಒಂದು ಪಕ್ಕದವನ ತಲೆಗೆ ಬಾರಿಸಿ, "ಅವನೇ ಬಂದು ತಲೆ ಕೊಟ್ಟ ವಾದ್ಯಾರೇ" ಎನ್ನುತ್ತದೆ. ಶಿವಬಾಲನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ದನ ಕಾಯಬಹುದು, ಕಾಡುಹಂದಿ ಕಾಯಬಹುದು, ಈ ಮಕ್ಕಳನ್ನು ಕಾಯಲಾರೆ ಎಂದು ದಿನಕ್ಕೆ ಎರಡು ಸಲ ಆಣೆ ಮಾಡುತ್ತಿದ್ದ.

ಆದರೂ ಆ ಕಣ ಬಿಟ್ಟರೆ ಅವನಿಗೆ ಬೇರೆ ಉಸಿರಿರಲಿಲ್ಲ. ಅಜಿತ್‌ಕುಮಾರ್ ಎಂಬ ಪುಟ್ಟ ಹುಡುಗನೊಬ್ಬನಿದ್ದ. ಶಾಲೆಯಲ್ಲಿ ಟೀಚರು ಗದರಿದರೆ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದವನು. ಸಿಲಂಬದಲ್ಲಿ ಒಂದು ಪರೀಕ್ಷೆ ಇದೆ. ಮಗು ಸುತ್ತ ಕೋಲು ತಿರುಗಿಸುತ್ತಿರಬೇಕು, ವಾದ್ಯಾರ್ ಚೆಂಬಿನ ನೀರು ಎರಚಬೇಕು, ನೀರು ಮೈಗೆ ತಾಗಬಾರದು. ಅಜಿತ್‌ಕುಮಾರ್ ಮೂರು ಚೆಂಬು ಮುಗಿಸಿ ಒಣ ಅಂಗಿಯಲ್ಲಿ ನಿಂತು, "ನೋಡಿ ವಾದ್ಯಾರೇ, ಚಡ್ಡೀನೂ ಒಣಗೇ ಇದೆ!" ಎಂದು ಕೂಗಿದ ದಿನ ಎಲ್ಲ ಮಕ್ಕಳೂ ಬಿದ್ದು ಬಿದ್ದು ನಕ್ಕವು. ಶಿವಬಾಲನ್ ಮಾತ್ರ ಹುಣಸೆಮರದ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದ. ಆಮೇಲೆ ತಿರುಗಿ ಬಂದು, ನಕ್ಕದ್ದಕ್ಕೆ ಎಲ್ಲರಿಗೂ ಒಂದೊಂದು ಕೊಟ್ಟ.

ಅವನ ಕಣದಲ್ಲಿ ಒಂದೇ ಒಂದು ಕಾನೂನು. ಕೋಲು ಎತ್ತುವ ಮೊದಲು ಸಲಾಂ ಹಾಕಬೇಕು. ಬಾಗಿ ನೆಲ ಮುಟ್ಟಿ, ಆ ಮಣ್ಣನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ನಾಲ್ಕು ದಿಕ್ಕಿಗೂ ಕೋಲು ತಗ್ಗಿಸಿ, ಕೊನೆಗೆ ಎದುರಾಳಿಯ ಕೋಲಿಗೆ ತನ್ನ ಕೋಲು ತಾಕಿಸಬೇಕು. ಅಷ್ಟಾಗುವ ತನಕ ಎದುರು ನಿಂತವನ ಕೋಲು ಇಳಿಯುವಂತಿಲ್ಲ. ಸಲಾಮಿನ ಹೊತ್ತಿಗೆ ಕೋಲು ಇಳಿಸಿದವನು ಮತ್ತೆ ಶಿಷ್ಯನಲ್ಲ. ಕಣದ ಎಲ್ಲರೂ ಸೇರಿ ಅವನ ಕೋಲು ಮುರಿಯುತ್ತಾರೆ, ಅವನು ಕಣದ ಸುತ್ತಲಿನ ಕಲ್ಲುಸಾಲು ದಾಟಿ ಹೊರಗೆ ಹೋಗುತ್ತಾನೆ, ಮತ್ತೆ ಒಳಗೆ ಕಾಲಿಡುವುದಿಲ್ಲ.

ಹಾಗೆ ಹೋದವನು ಒಬ್ಬನೇ, ವೇಲು. ತೊಂಬತ್ತೊಂದರಲ್ಲಿ, ಹದಿಮೂರು ವರ್ಷದ ಹುಡುಗನಾಗಿದ್ದಾಗ, ಎದುರಿನವನು ಬಾಗಿದ್ದಾಗಲೇ ಹೊಡೆದುಬಿಟ್ಟ. ಶಿವಬಾಲನ್ ಅವನ ಕೋಲು ಮುರಿಸಿದ. ಹುಡುಗ ಮೂರು ದಿವಸ ವಾದ್ಯಾರ್ ಮನೆಯ ಜಗಲಿಯ ಮೇಲೆ ಕೂತು ಅತ್ತ. ಶಿವಬಾಲನ್ ಅವನನ್ನು ದಾಟಿಕೊಂಡೇ ಓಡಾಡಿದ, ಒಂದು ಮಾತು ಆಡಲಿಲ್ಲ. ನಾಲ್ಕನೆಯ ದಿವಸ ವೇಲು ತರಕಾರಿ ಲಾರಿ ಹತ್ತಿ ಒಡ್ಡನ್‌ಛತ್ರಂಗೆ ಹೋದವನು ಅಲ್ಲೇ ಮೂಟೆ ಹೊರುತ್ತ ಉಳಿದ.

ತೊಂಬತ್ತೆಂಟರ ಪೊಂಗಲ್‌ಗೆ ಒಂದು ವಾರ ಮೊದಲಿನ ಮಾತು. ನಿವೇತಾ ಎಂಬ ಹತ್ತು ವರ್ಷದ ಹುಡುಗಿ, ಲಕ್ಷ್ಮಣನ್ ಮಗಳು, ಅಜಿತ್‌ಕುಮಾರನ ಮೇಲಿನ ಕೋಪದಲ್ಲಿ ಸಲಾಂ ಮರೆತು ಕೋಲು ಬೀಸಿದಳು. ಅವಳು ಕಣದ ಒಂದೇ ಹೆಣ್ಣುಮಗು, ಕಾಲಿನ ನಡೆಯಲ್ಲಿ ಎಲ್ಲರಿಗಿಂತ ಮುಂದೆ. ಅದಕ್ಕೇ ಶಿವಬಾಲನಿಗೆ ಸಿಟ್ಟು ಎರಡು ಪಟ್ಟಾಯಿತು. ಹುಣಸೆ ಬರಲು ಮುರಿದು ಮೀನಖಂಡದ ಮೇಲೆ ಆರು ಏಟು ಬಿಗಿದ.

"ಸಲಾಂ ಹಾಕದ ಕೈಗೆ ಕೋಲು ಯಾಕೆ? ರೌಡಿಗೂ ನಿನಗೂ ಏನ್ ವ್ಯತ್ಯಾಸ? ಹಾಕು! ನೂರು ಸಲ ಹಾಕು! ಹುಲಿ ಎದುರಿಗೆ ಬಂದ್ರೂ ಮೊದ್ಲು ಸಲಾಂ!"

ಹುಡುಗಿ ಅಳಲಿಲ್ಲ. ತುಟಿ ಕಚ್ಚಿಕೊಂಡು ನೂರು ಸಲ ಬಾಗಿ ಎದ್ದಳು. ಅಜಿತ್‌ಕುಮಾರ್ ಎಣಿಸಿದ, ನಡುವೆ ಎರಡು ಸಲ ತಪ್ಪಿ ಅವನೂ ಏಟು ತಿಂದ. ಸಂಜೆ ನಿವೇತಾಳ ತಾಯಿಯ ಕಡೆಯ ಅಜ್ಜಿ ವೆಳ್ಳೈಯಮ್ಮಾಳ್ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೀದಿಗೆಲ್ಲ ಕೇಳುವಂತೆ ಕೂಗುತ್ತ ಕಣಕ್ಕೆ ಬಂದಳು.

"ಏನ್ಲಾ ಬಾಲಾ, ಪಿಳ್ಳೆ ಕಾಲ್ ನೋಡಿದ್ಯಾ? ಬಾಳೆಹಣ್ಣಿನ ಸಿಪ್ಪೆ ಹಂಗೆ ಕಪ್ಪಗಾಗಿದೆ. ನಿನ್ ಕೈಗೆ ಹುಳು ಬೀಳ!"

"ಅತ್ತೇ, ಬೇಡಾಂದ್ರೆ ಮನೇಲೇ ಇಟ್ಕೋ. ಪಾತ್ರೆ ತೊಳೀಲಿ."

"ಇಟ್ಕೋತೀನಿ ಅಂತಾನೇ ಬಾಗಿಲು ಹಾಕ್ದೆ. ಹಿತ್ತಲ ಗೋಡೆ ಹಾರಿ ಬಂದಿದಾಳಲ್ಲೋ! ಅಲ್ಲಿ ನೋಡು!"

ನಿಜ. ನಿವೇತಾ ಆಗಲೇ ಕಣದಲ್ಲಿ ನಿಂತು ನೆಲ ಮುಟ್ಟುತ್ತಿದ್ದಳು.

ಪೊಂಗಲ್ ಕಳೆದ ಮೂರನೆಯ ದಿವಸ, ಹೊತ್ತು ಹತ್ತು ಗಂಟೆಯಿರಬೇಕು. ಶಿವಬಾಲನ್ ಊರಾಚೆಯ ದ್ರಾಕ್ಷಿ ಚಪ್ಪರದ ಕೆಳಗೆ ಕತ್ತರಿ ಆಡಿಸುತ್ತಿದ್ದ. ಮುಳ್ಳುಬೇಲಿಯ ಆ ಕಡೆ ಲಕ್ಷ್ಮಣನಿಗೂ ಅವನ ಅಣ್ಣನ ಮಗ ದುರೈಗೂ ಸೇರಿದ ಬಾವಿ. ಪಾಲಾದ ಮನೆಗಳಲ್ಲಿ ಹೊಲ ಹರಿದು ಹಂಚಬಹುದು, ಬಾವಿ ಹರಿಯಲು ಬರುವುದಿಲ್ಲ. ಹಾಗಾಗಿ ಒಂದು ದಿವಸ ಇವನ ಮೋಟಾರು, ಒಂದು ದಿವಸ ಅವನ ಮೋಟಾರು. ಆ ಪಾಳಿಯ ಜಗಳ ಶಿವಬಾಲನಿಗೆ ಕಾಗೆ ಕೂಗಿದಷ್ಟೇ ಮಾಮೂಲು.

ದುರೈ ಕೂಡ ಅವನ ಶಿಷ್ಯನೇ. ಒಂಬತ್ತು ವರ್ಷಕ್ಕೆ ತಂದೆ ಸತ್ತ ಮೇಲೆ ಕಣಕ್ಕೆ ಬಂದವನು. ಈಗ ಇಪ್ಪತ್ತನಾಲ್ಕು. ಶಿವಬಾಲನ್ ತನ್ನ ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಒಬ್ಬನಿಗೆ ಬರಿದು ಮಾಡಿ ಸುರಿದಿದ್ದರೆ ಅದು ದುರೈಗೆ. ತನ್ನ ನಂತರ ಮಾವನ ಕೋಲು ಯಾರಿಗೆ ಎಂಬುದನ್ನು ಮನಸ್ಸಿನಲ್ಲಿ ಯಾವತ್ತೋ ಬರೆದಿಟ್ಟಿದ್ದ.

"ಚಿಕ್ಕಪ್ಪಾ, ಇವತ್ತು ನನ್ ಪಾಳಿ. ಸ್ವಿಚ್ ಮೇಲಿಂದ ಕೈ ತೆಗಿ" ಎಂಬ ದುರೈಯ ದನಿ ಬೇಲಿ ದಾಟಿ ಬಂತು.

"ನೆನ್ನೆ ಪೂರಾ ಕರೆಂಟೇ ಇಲ್ಲ. ಬಾಳೆ ಒಣಗ್ತಾ ಇದೆ. ಒಂದ್ ಗಂಟೆ ಓಡಿಸ್ಕೊಂಡು ಬಿಡ್ತೀನಿ" ಎಂದ ಲಕ್ಷ್ಮಣನ್.

"ಕರೆಂಟ್ ಇಲ್ಲಾಂದ್ರೆ ಕರೆಂಟಾಫೀಸಿಗೆ ಹೋಗಿ ಅಳು. ನನ್ ಪಾಳಿಗೆ ಯಾಕೆ ಬರ್ತೀಯಾ?"

"ಅಪ್ಪ ಇಲ್ಲದ ಪಿಳ್ಳೆ ಅಂತ ಅನ್ನ ಹಾಕ್ದೆ. ನನಗೇ ಬಾಯಿ ಕೊಡ್ತೀಯೇನ್ಲಾ?"

"ಅನ್ನ ಹಾಕ್ದೆ, ಆಮಾ. ನಮ್ಮಪ್ಪನ ಪಾಲಿನ ಅನ್ನ. ಮಿಕ್ಕಿದ್ದು ನೀನ್ ತಿಂದೆ."

ಆಮೇಲೆ ಮೈಗೆ ಮೈ ತಾಗಿದ ಸದ್ದು, ಕಾಲು ಜಾರಿದ ಸದ್ದು. ಅದರ ಹಿಂದೆಯೇ ಮರಕ್ಕೂ ತಲೆಬುರುಡೆಗೂ ನಡುವೆ ಮಾತ್ರ ಹುಟ್ಟುವ ಒಂದು ಸದ್ದು. ಅದನ್ನು ಶಿವಬಾಲನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕತ್ತರಿ ಎಸೆದು ಬೇಲಿಗೆ ಓಡಿದ.

ಲಕ್ಷ್ಮಣನ್ ಮೋಟಾರು ಮನೆಯ ಮುಂದೆ ಬಿದ್ದಿದ್ದ. ಕಿವಿಯ ಮೇಲೆ ಚರ್ಮ ಸೀಳಿ ರಕ್ತ ಕತ್ತಿನೊಳಗೆ ಇಳಿಯುತ್ತಿತ್ತು. ದುರೈಯ ಕೈಯಲ್ಲಿ ಗುದ್ದಲಿಯ ಕಾವು, ಬರೀ ಮರದ ಹಿಡಿ. ಕಣ್ಣು ಕೆಂಡ. ಬಿದ್ದವನ ಮೇಲೆ ಇನ್ನೊಂದು ಹಾಕಲು ಕಾವು ಮೇಲೆದ್ದಿತ್ತು.

ಆಗ ಬದುವಿನ ಮೇಲೆ ನಿವೇತಾ ಬಂದಳು. ಅಪ್ಪನಿಗೆ ಬುತ್ತಿ ತಂದಿದ್ದವಳು. ಒಂದು ಕೈಯಲ್ಲಿ ತೂಗುಪಾತ್ರೆ, ಇನ್ನೊಂದರಲ್ಲಿ ಕೋಲು. ಅವಳು ಪಾತ್ರೆಯನ್ನು ಚೆಲ್ಲದಂತೆ ಬದುವಿನ ಮೇಲೆ ಇಟ್ಟಳು. ಓಡಿಬಂದು ಅಪ್ಪನಿಗೂ ದುರೈಗೂ ನಡುವೆ ನಿಂತಳು. ನಿಂತು, ಬಾಗಿ ನೆಲ ಮುಟ್ಟಿದಳು.

ಶಿವಬಾಲನ್ ಬೇಲಿಯ ಮುಳ್ಳಿನಲ್ಲಿ ಸಿಕ್ಕಿಕೊಂಡಿದ್ದ. ಎದೆ ಬಿರಿಯುವಂತೆ ಕೂಗಿದ. "ಸಲಾಂ ಬೇಡ! ನಿವೇತಾ, ಹೊಡಿ! ಮೊಣಕಾಲಿಗೆ ಹೊಡಿ!"

ಹುಡುಗಿಗೆ ಕೇಳಿಸಿತು. ವಾದ್ಯಾರ ದನಿ ಅವಳಿಗೆ ಗೊತ್ತು. ಆದರೆ ಸಲಾಂ ಬೇಡ ಎಂಬ ಮಾತು ಆ ದನಿಯಲ್ಲಿ ಅವಳು ಯಾವತ್ತೂ ಕೇಳಿದವಳಲ್ಲ. ಮಣ್ಣನ್ನು ಕಣ್ಣಿಗೊತ್ತಿಕೊಂಡಳು. ಮೂಡಣಕ್ಕೆ ಕೋಲು ತಗ್ಗಿಸಿದಳು, ಪಡುವಣಕ್ಕೆ ತಗ್ಗಿಸಿದಳು. ಮೂರನೆಯ ದಿಕ್ಕಿಗೆ ತಿರುಗಿ ಬಾಗಿದ್ದಾಗ ಗುದ್ದಲಿಯ ಕಾವು ಅವಳ ಬಲಗೈಯ ಮೇಲೆ ಬಂತು.

ಶಿವಬಾಲನ್ ಬೇಲಿ ಹರಿದುಕೊಂಡು ಈಚೆ ಬಿದ್ದ. ಮೈಯೆಲ್ಲ ಗೀರು, ಅಂಗಿ ಬೇಲಿಯಲ್ಲೇ ಉಳಿಯಿತು. ಅವನನ್ನು ಕಂಡ ದುರೈ ಕಾವು ಎಸೆದು ಬಾಳೆತೋಟದೊಳಗೆ ಓಡಿದ. ಅಟ್ಟಿಸಿಕೊಂಡು ಹೋಗಲು ಶಿವಬಾಲನ ಕಾಲು ಎರಡು ಹೆಜ್ಜೆ ಹೋಯಿತು. ಮೂಳೆ ಕಟ್ಟುವ ಕೈ ಹೋಗಲಿಲ್ಲ. ಹುಡುಗಿಯ ಮುಂಗೈಯ ಎರಡೂ ಮೂಳೆ ಮುರಿದಿರುವುದು ನೋಡಿದರೇ ಕಾಣುತ್ತಿತ್ತು. ಕೂತು, ಬಾಳೆಪಟ್ಟೆ ಕಿತ್ತು, ಆ ಸಣ್ಣ ಕೈಯನ್ನು ನೇರ ಎಳೆದು, ಪಟ್ಟೆಯ ನಡುವೆ ಇಟ್ಟು ತನ್ನ ಪಂಚೆಯ ಅಂಚು ಹರಿದು ಕಟ್ಟಿದ. ಎಳೆಯುವಾಗ ಹುಡುಗಿಯ ಕೂಗು ಬಾವಿಯೊಳಗೆ ಬಿದ್ದು ಎರಡು ಸಲ ಕೇಳಿಸಿತು.

ಕೂಗು ನಿಂತ ಮೇಲೆ ಅವಳು ಬಿಳಿಚಿದ ಮುಖದಲ್ಲಿ ಕೇಳಿದಳು: "ವಾದ್ಯಾರೇ, ನಾನು ಸರಿಯಾಗೇ ಹಾಕ್ದೆ ಅಲ್ವಾ?"

ಶಿವಬಾಲನ್ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಕಟ್ಟಿನ ಗಂಟನ್ನು ಮತ್ತೆ ಬಿಗಿದ.

ಅಷ್ಟರಲ್ಲಿ ಜನ ಸೇರಿತು. ಲಕ್ಷ್ಮಣನನ್ನು ಟ್ರಾಕ್ಟರಿಗೆ ಹಾಕಿ ಉತ್ತಮಪಾಳೆಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ವೆಳ್ಳೈಯಮ್ಮಾಳ್ ಓಡಿಬಂದು ಮೊಮ್ಮಗಳನ್ನು ಅವನ ತೊಡೆಯಿಂದ ಕಿತ್ತುಕೊಂಡಳು.

"ಮುಟ್ಬೇಡ! ಸಲಾಂ ಸಲಾಂ ಅಂತ ಹೊಡೆದು ಹೊಡೆದು ಪಿಳ್ಳೆ ತಲೇನ ಬಾಗಿಸಿಟ್ಟೆ. ಬಾಗಿದ ತಲೆ ಕಂಡ್ರೆ ಹೊಡೀದೆ ಇರ್ತಾರಾ? ಹೊಡೆದವನೂ ನಿನ್ ಶಿಷ್ಯನೇ ಅಲ್ವೇನ್ಲಾ? ಒಂದ್ ಕೈಲಿ ಹುಲಿ ಸಾಕ್ದೆ, ಇನ್ನೊಂದ್ ಕೈಲಿ ಮೇಕೆ ಸಾಕ್ದೆ!"

ಶಿವಬಾಲನ್ ಎದ್ದು ಊರ ಕಡೆ ನಡೆದ. ನಡೆಯುತ್ತ ನಡೆಯುತ್ತ ಓಡಿದ. ಮನೆಗೆ ಹೋಗಿ ದೇವರ ಪಟದ ಪಕ್ಕದಿಂದ ಮಾವನ ಕೋಲು ತೆಗೆದ. ಸರಸು ಬಾಗಿಲಿಗೆ ಅಡ್ಡ ನಿಂತಳು.

"ಏನ್ ಮಾಡಕ್ಕೆ ಹೋಗ್ತಿದೀರಿ? ಕೊಂದು ಜೈಲಿಗೆ ಹೋಗ್ತೀರಾ?"

"ಪಕ್ಕಕ್ಕೆ ಹೋಗು."

"ಆ ಪಿಳ್ಳೆಗಳು ನೋಡ್ತಾ ಇದಾವೆ. ಹೊರಗೆ ನೋಡಿ!"

ಅವನು ನೋಡಲಿಲ್ಲ. ಹೆಂಡತಿಯ ಭುಜ ತಳ್ಳಿ ಹೊರಬಿದ್ದ. ಬೀದಿಯಲ್ಲಿ ಅಜಿತ್‌ಕುಮಾರನೂ ಇನ್ನೂ ಐದಾರು ಮಕ್ಕಳೂ ಕೋಲು ಹಿಡಿದು ನಿಂತಿದ್ದವು. ಅವೂ ಹಿಂದೆಯೇ ಓಡಿದವು.

ದುರೈ ವಾಯ್ಕಾಲು ಎನ್ನುವ ಕಾಲುವೆಯ ದಂಡೆಯ ದ್ರಾಕ್ಷಿ ಶೆಡ್ಡಿನ ಮುಂದೆ ಸಿಕ್ಕಿದ. ಹಣ್ಣಿನ ಖಾಲಿ ಪೆಟ್ಟಿಗೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ವಾದ್ಯಾರನ್ನು ಕಂಡು ಎದ್ದ. ಬಾಳೆಗೆ ಆಸರೆ ಕೊಡುವ ಗಳುಗಳ ರಾಶಿಯಿಂದ ಒಂದನ್ನು ಎಳೆದುಕೊಂಡ.

"ಎತ್ತು! ಎತ್ತೋ ನಾಯೇ!" ಶಿವಬಾಲನ್ ಕೂಗಿದ. "ಹತ್ತು ವರ್ಷದ ಪಿಳ್ಳೆ ಮೇಲೆ ಎತ್ತಿದ್ಯಲ್ಲಾ, ನನ್ ಮೇಲೆ ಎತ್ತು!"

ದುರೈ ಎತ್ತಲಿಲ್ಲ. ಅವನ ಮುಖ ಒಂಬತ್ತು ವರ್ಷದ ಹುಡುಗನ ಮುಖದಂತಾಯಿತು. ಹದಿನೈದು ವರ್ಷ ಎರಡು ಹೊತ್ತು ಮಾಡಿದ ಕೆಲಸವನ್ನು ಅವನ ಮೈ ತಾನೇ ಮಾಡಿತು. ಬಾಗಿ ನೆಲ ಮುಟ್ಟಿದ.

ಶಿವಬಾಲನಿಗೆ ಕಂಡದ್ದು ಆ ಬಾಗಿದ ಕತ್ತು ಮಾತ್ರ. ಮಾವನ ಕೋಲು ಗಾಳಿ ಸೀಳಿಕೊಂಡು ಇಳಿಯಿತು. ಮೊದಲನೆಯದು ನೆಲ ಮುಟ್ಟಿದ್ದ ಬಲ ಮಣಿಕಟ್ಟಿಗೆ ಬಿತ್ತು, ಹಸಿ ಕಡ್ಡಿ ಮುರಿದಂತೆ ಸದ್ದಾಯಿತು. ಎರಡನೆಯದು ತೊಡೆಗೆ. ಬಿದ್ದ ಮೇಲೆ ಮೂರನೆಯದು ಬೆನ್ನಿಗೆ. ನಾಲ್ಕನೆಯದಕ್ಕೆ ಕೋಲು ಮೇಲೆ ಹೋಗಿದ್ದಾಗ ಹಿಂದಿನಿಂದ ಒಂದು ಸಣ್ಣ ದನಿ ಕೇಳಿಸಿತು.

"ವಾದ್ಯಾರೇ... ಅವ್ನು ಸಲಾಂ ಹಾಕ್ತಿದ್ದ."

ಅಜಿತ್‌ಕುಮಾರ್. ಅವನ ಚಡ್ಡಿ ಒದ್ದೆಯಾಗಿತ್ತು. ಮಿಕ್ಕ ಮಕ್ಕಳು ಪೆಟ್ಟಿಗೆಗಳ ಹಿಂದೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ವಾದ್ಯಾರ್ ಹೊಡೆಯುವುದನ್ನು ಅವು ದಿನಾ ನೋಡಿದವೇ. ಈ ಮುಖ ನೋಡಿರಲಿಲ್ಲ.

ಕೋಲು ಕೆಳಗೆ ಬಂತು. ಶಿವಬಾಲನ್ ಮಂಡಿಯೂರಿ ಕೂತು ದುರೈಯ ಮುರಿದ ಕೈ ಹಿಡಿದ. ದುರೈ ಕೈ ಎಳೆದುಕೊಳ್ಳಲು ನೋಡಿದ. "ಆಡಿಸ್ಬೇಡ" ಎಂದು ಗದರಿ, ಅವನ ಮೊಳಕೈಯನ್ನು ತನ್ನ ಮಂಡಿಯಡಿ ಒತ್ತಿ ಹಿಡಿದು ಮೂಳೆ ಕೂರಿಸಿದ. ಹಣ್ಣಿನ ಪೆಟ್ಟಿಗೆಯ ಹಲಗೆ ಮುರಿದು ಕಟ್ಟಿದ. ಆ ಬೆಳಗ್ಗೆ ಎರಡನೆಯ ಕೈ ಅದು.

"ಅವಳು ಕೋಲ್ ಹಿಡ್ಕೊಂಡು ನುಗ್ಗಿದ್ಲು ವಾದ್ಯಾರೇ" ಎಂದ ದುರೈ, ಹಲ್ಲು ಕಚ್ಚಿಕೊಂಡು. "ಕೋಲು ತಿರುಗಿದ್ದು ಕಂಡ್ತು. ಕೈ ಹೋಯ್ತು. ಹುಡುಗಿ ಅಂತ ಆಮೇಲೇ ಕಂಡದ್ದು. ನೀವೇ ತಾನೇ ಹೇಳಿದ್ದು, ಯೋಚನೆ ಮಾಡಿ ಹೊಡೀಬೇಡ, ಕೈಗೆ ಕಣ್ಣಿರ್ಬೇಕು ಅಂತ."

"ಬಾಯ್ ಮುಚ್ಚು" ಎಂದ ಶಿವಬಾಲನ್. ಆದರೆ ಆ ಮಾತಿನಲ್ಲಿ ಬಿಸಿಯಿರಲಿಲ್ಲ.

ಸಂಜೆ ಅವನು ಊಟ ಮಾಡಲಿಲ್ಲ. ಸರಸು ತಟ್ಟೆಯನ್ನು ಅವನ ಮುಂದೆಯೇ ಬಿಟ್ಟು ಗೋಡೆಗೆ ಒರಗಿ ಕೂತಳು. ಭುಜ ಇನ್ನೂ ನೋಯುತ್ತಿತ್ತೋ ಏನೋ, ಒತ್ತಿಕೊಳ್ಳುತ್ತಿದ್ದಳು.

"ವೇಲು ಮೂರು ದಿವಸ ಈ ಜಗಲಿ ಮೇಲೆ ಕೂತಿದ್ನಲ್ಲ, ನೆನಪಿದೆಯಾ?" ಎಂದಳು.

"ಈಗ್ಯಾಕೆ ಅದು?"

"ನಾನು ಕಂಜಿ ಕೊಡಕ್ಕೆ ಹೋದಾಗ ಕೇಳ್ದೆ, ಯಾಕೋ ಹಂಗೆ ಹೊಡೆದೆ ಅಂತ. ಹೇಳಿದ. ಎದುರಿನವನು ಸಲಾಂ ಮುಗಿಸಿ ಎದ್ರೆ ನಾನು ಸೋಲ್ತೀನಿ, ಸೋತ್ರೆ ವಾದ್ಯಾರ್ ಹೊಡೀತಾರೆ, ಭಯ ಆಯ್ತು ಅಕ್ಕಾ ಅಂದ. ನೀವು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ನನಗೂ ನಿಮ್ ಭಯವೇ."

ಶಿವಬಾಲನ್ ತಟ್ಟೆ ಎತ್ತಿ ಗೋಡೆಗೆ ಎಸೆಯುತ್ತಾನೆ ಎಂದು ಅವಳು ತಲೆ ಪಕ್ಕಕ್ಕೆ ಮಾಡಿಕೊಂಡಳು. ಅವನು ಎಸೆಯಲಿಲ್ಲ. ಅವಳು ತಲೆ ಪಕ್ಕಕ್ಕೆ ಮಾಡಿಕೊಂಡದ್ದನ್ನು ನೋಡಿದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದನ್ನು ನೋಡಿದ್ದು ಅದೇ ಮೊದಲು.

ಮಾರನೆಯ ಬೆಳಗ್ಗೆ ಕಣಕ್ಕೆ ಬಂದಾಗ ಮಕ್ಕಳೆಲ್ಲ ಬಂದಿದ್ದವು. ಆದರೆ ಕಲ್ಲುಸಾಲಿನ ಒಳಗೆ ಯಾರೂ ಕಾಲಿಟ್ಟಿರಲಿಲ್ಲ. ನಿವೇತಾ ಕೂಡ ಬಂದಿದ್ದಳು, ಕತ್ತಿನಿಂದ ಇಳಿಬಿಟ್ಟ ಜೋಳಿಗೆಯಲ್ಲಿ ಕೈ. ಅವಳ ಪಕ್ಕದಲ್ಲಿ ವೆಳ್ಳೈಯಮ್ಮಾಳ್, ಬಾಯಿ ತುಂಬ ಎಲೆಯಡಿಕೆ, ಕಣ್ಣು ತುಂಬ ಬೆಂಕಿ. ಹಿಂದಿನ ಸಂಜೆ ಅಜಿತ್‌ಕುಮಾರ್ ಅವರ ಮನೆಗೆ ಹೋಗಿ ಎಲ್ಲ ಹೇಳಿದ್ದ.

ಮಕ್ಕಳು ವಾದ್ಯಾರ ಕೈಯಲ್ಲಿದ್ದ ಕೋಲನ್ನೇ ನೋಡುತ್ತಿದ್ದವು. ಶಿವಬಾಲನಿಗೆ ಆ ನೋಟ ಅರ್ಥವಾಯಿತು. ವೇಲುವಿನ ಕೋಲನ್ನು ತಾನು ನೋಡಿದ್ದೂ ಹೀಗೆಯೇ. ಈಗ ಏನಾದರೂ ಒಂದು ಸುಳ್ಳು ಕಾರಣ ಹೇಳಿದರೆ ಇವು ತಲೆಯಾಡಿಸುತ್ತವೆ, ಕೋಲು ಹಿಡಿಯುತ್ತವೆ, ನಾಳೆಯೂ ಬರುತ್ತವೆ. ಆದರೆ ಇನ್ನು ಮೇಲೆ ಸಲಾಮಿಗೆ ಬಾಗುವಾಗ ಒಂದೊಂದೂ ಕಣ್ಣಂಚಿನಲ್ಲಿ ತನ್ನ ಕೈಯನ್ನೇ ನೋಡುತ್ತವೆ.

ಮಾವನ ಕೋಲನ್ನು ಕಣದ ನಡುವೆ ಇಟ್ಟ.

"ಮುರೀರಿ."

ಯಾರೂ ಅಲುಗಲಿಲ್ಲ.

"ಕಾನೂನು ಗೊತ್ತಿಲ್ವಾ? ಮುರೀರಿ!"

"ಅದು ಮುರಿಯಲ್ಲ ವಾದ್ಯಾರೇ" ಎಂದ ಅಜಿತ್‌ಕುಮಾರ್, ಮೆಲ್ಲಗೆ. "ನಿಮ್ ಮಾವನ ಕೋಲು ಅದು. ನೂರು ವರ್ಷ ಆಗಿದೆ ಅಂತ ನೀವೇ..."

"ಮುರೀರಿ ಅಂದ್ರೆ ಮುರೀರಿ! ಇಲ್ಲಾಂದ್ರೆ ಒಬ್ಬೊಬ್ಬರ ಚರ್ಮ ಸುಲಿದುಬಿಡ್ತೀನಿ!"

ವೆಳ್ಳೈಯಮ್ಮಾಳ್ ಎಲೆಯಡಿಕೆ ಉಗಿದು, "ಹಾಳಾಗಿ ಹೋಗೋನೇ, ಇದಕ್ಕೂ ಹೊಡೀತೀನಿ ಅಂತೀಯಲ್ಲೋ!" ಎಂದಳು. ಮಕ್ಕಳಲ್ಲಿ ಒಂದಿಬ್ಬರಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು.

ಎರಡು ಕಲ್ಲಿನ ಮೇಲೆ ಕೋಲನ್ನು ಅಡ್ಡ ಇಟ್ಟು ಮಕ್ಕಳು ಹಾರಿದವು. ಕೋಲು ಬಾಗಿ ಮೇಲೆದ್ದು ಇಬ್ಬರನ್ನು ಅತ್ತ ಇತ್ತ ಎಸೆಯಿತು. ನಾಲ್ಕು ಮಕ್ಕಳು ಒಟ್ಟಿಗೆ ಕೂತವು. ಬಿದಿರು ಕಿರುಗುಟ್ಟಿತು ಅಷ್ಟೆ. ಶಿವಬಾಲನ್ ಕಲ್ಲುಸಾಲಿನ ಪಕ್ಕ ನಿಂತು ನೋಡುತ್ತಿದ್ದ. ಕೊನೆಗೆ ನಿವೇತಾ ಒಡೆದ ಒರಳುಕಲ್ಲಿನ ಹೋಳೊಂದನ್ನು ಎಡಗೈಯಲ್ಲಿ ಉರುಳಿಸಿಕೊಂಡು ಬಂದಳು. ಎಲ್ಲರೂ ಸೇರಿ ಎದೆಯೆತ್ತರಕ್ಕೆ ಎತ್ತಿ ಕೋಲಿನ ಮೇಲೆ ಬಿಟ್ಟರು, ಕೋಲು ಮುರಿಯಿತು. ಆ ಸದ್ದಿಗೆ ಶಿವಬಾಲನ್ ತನ್ನ ಮಣಿಕಟ್ಟು ಹಿಡಿದುಕೊಂಡ.

ಆಮೇಲೆ ಅವನು ಕಲ್ಲುಸಾಲು ದಾಟಿ ಹೊರಗೆ ಬಂದು, ಹುಣಸೆಯ ಬೇರಿನ ಮೇಲೆ ಕೂತ.

ಅಲ್ಲೇ ಮೂರು ದಿವಸ. ಚಪ್ಪರದ ಕೆಲಸಕ್ಕೆ ಹೋಗುತ್ತಿದ್ದ, ಬೆಳಗ್ಗೆ ಸಂಜೆ ಬಂದು ಕೂರುತ್ತಿದ್ದ. ತಲೆಗೆ ಕಟ್ಟು ಹಾಕಿಕೊಂಡ ಲಕ್ಷ್ಮಣನ್ ಬಂದು ಊರ ಹಿರಿಯರು ಸೇರಿ ಮಾಡಿದ ತೀರ್ಮಾನ ಹೇಳಿದ. ಬಾವಿಯ ಪಾಳಿಯನ್ನು ದಿವಸದ ಲೆಕ್ಕ ಬಿಟ್ಟು ಕರೆಂಟ್ ಇದ್ದ ಗಂಟೆಯ ಲೆಕ್ಕಕ್ಕೆ ಮಾಡಿದ್ದರು. ದುರೈ ನಿವೇತಾಳ ಮುಂದೆ ಬಂದು ನಿಂತು ತಪ್ಪೊಪ್ಪಿಕೊಂಡಿದ್ದ. ಅವಳು ಅವನ ಕಟ್ಟಿದ ಕೈ ನೋಡಿ, "ಕೆರೆತ ಬಂದ್ರೆ ಬೇವಿನ ಕಡ್ಡಿ ತೂರಿಸ್ಕೋ ಅಣ್ಣಾ" ಎಂದಿದ್ದಳಂತೆ.

"ಎಲ್ಲಾ ಮುಗೀತು ಬಾಲಾ. ಒಳಗೆ ಹೋಗಪ್ಪಾ. ಪಿಳ್ಳೆಗಳ ಆಟವನ್ನ ಇಷ್ಟು ಹಿಡ್ಕೊಂಡ್ರೆ ಹೆಂಗೆ?" ಎಂದ ಲಕ್ಷ್ಮಣನ್.

"ನಿನಗೇನ್ ಗೊತ್ತು? ಎದ್ದು ಹೋಗು!" ಎಂದು ಶಿವಬಾಲನ್ ಅಬ್ಬರಿಸಿದ. ಲಕ್ಷ್ಮಣನ್ ಎದ್ದು ಹೋದ.

ಮಕ್ಕಳು ಮಾತ್ರ ಬರುತ್ತಲೇ ಇದ್ದವು. ಎಡಗೈಯಲ್ಲಿ ಕೋಲು ಹಿಡಿದು ನಿವೇತಾ ಮುಂದೆ ನಿಲ್ಲುತ್ತಿದ್ದಳು. ಒಂದೇ ಕೈಯ ವಾದ್ಯಾರಿಣಿ. ತಪ್ಪು ಮಾಡಿದವನ ಹತ್ತಿರ ಹೋಗಿ, ಕೂತು, ಅವನ ಪಾದವನ್ನು ಕೈಯಿಂದ ಹಿಡಿದು ಸರಿಯಾದ ಜಾಗಕ್ಕೆ ಇಡುತ್ತಿದ್ದಳು. ಶಿವಬಾಲನ್ ಅದನ್ನು ನೋಡಿದ. ಅಷ್ಟು ಸಣ್ಣ ಕೆಲಸ. ಹದಿನೆಂಟು ವರ್ಷ ಕಲಿಸಿದರೂ ತನಗೆ ಬಾಗಿ ಕೂರಲು ತೋಚಿರಲಿಲ್ಲ. ಅವನ ಹುಣಸೆ ಬರಲು ಹೋಗಿ ಮುಟ್ಟುತ್ತಿತ್ತು, ಅವನು ನಿಂತೇ ಇರುತ್ತಿದ್ದ.

ನಾಲ್ಕನೆಯ ಬೆಳಗ್ಗೆ ಹಿಂತಿರುಗುವ ನಡೆ ಕಲಿಸುವಾಗ ಅವಳೇ ತಪ್ಪಿದಳು. ಹಿಮ್ಮಡಿ ಎತ್ತದೆ ತಿರುಗಿದಳು. ಹಾಗೆ ತಿರುಗಿದರೆ ಮಂಡಿ ಹೋಗುತ್ತದೆ. ಎರಡು ಸಲ ನೋಡಿ ಹಲ್ಲು ಕಚ್ಚಿದ. ಮೂರನೆಯ ಸಲಕ್ಕೆ ತಡೆಯಲಾಗಲಿಲ್ಲ.

"ಹಿಮ್ಮಡಿ! ಹಿಮ್ಮಡಿ ಎತ್ತು, ಕತ್ತೆ! ಮಂಡಿ ಮುರ್ಕೋತೀಯಾ?"

ಹನ್ನೊಂದು ತಲೆಗಳೂ ತಿರುಗಿದವು. ಶಿವಬಾಲನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ನಿವೇತಾ ಕಲ್ಲುಸಾಲಿನ ತನಕ ನಡೆದು ಬಂದಳು. ಕಣ್ಣು ಚಿಕ್ಕದು ಮಾಡಿಕೊಂಡು ಅವನನ್ನೇ ನೋಡಿದಳು.

"ಹೊರಗೆ ಕೂತು ಕೂಗಿದ್ರೆ ತಿಳಿಯಲ್ಲ. ಒಳಗೆ ಬಂದು ತೋರಿಸಿ ವಾದ್ಯಾರೇ."

"ನಾನು ಬರೋ ಹಂಗಿಲ್ಲ. ಕಾನೂನು."

ಅವಳು ಮಿಕ್ಕ ಮಕ್ಕಳ ಕಡೆ ನೋಡಿದಳು. ಅಜಿತ್‌ಕುಮಾರ್ ಭುಜ ಕುಣಿಸಿದ. ಒಬ್ಬ ಮೂಗು ಒರೆಸಿಕೊಂಡ. ಅವರಲ್ಲೇ ಏನೋ ಮಾತಾಡಿಕೊಂಡು ಮುಗಿಸಿದ್ದರೆಂದು ಶಿವಬಾಲನಿಗೆ ಆಗ ಹೊಳೆಯಿತು.

"ವೇಲು ಅಣ್ಣನಿಗೂ ಕಾಗದ ಹಾಕಿದೀವಿ" ಎಂದಳು. "ಸರಸು ಅಕ್ಕನೇ ಹೇಳಿದ್ರು, ನಾನೇ ಎಡಗೈಲಿ ಬರೆದೆ. ಬಂದ್ರೆ ಬರ್ಲಿ. ನೀವು ಮೊದ್ಲಿಂದ ಸೇರ್ಕೊಳ್ಳಿ. ಹೊಸಬರ ಹಂಗೆ. ಹುಣಸೆ ಬರಲು ತರೋ ಹಂಗಿಲ್ಲ."

ಅಜಿತ್‌ಕುಮಾರ್ ಓಡಿಬಂದು ತನ್ನ ಕೋಲನ್ನು ಅವನ ಕೈಗೆ ಕೊಟ್ಟ. ಅದು ಶಿವಬಾಲನ ಎದೆಗೆ ಬರುತ್ತಿತ್ತು, ಹಿಡಿಯಲ್ಲಿ ಮಗುವಿನ ಕೈಯ ಬೆವರು ಇನ್ನೂ ಅಂಟಂಟಾಗಿತ್ತು.

"ಸಲಾಂ ಹಾಕಿ ಬನ್ನಿ."

ಶಿವಬಾಲನ್ ಕಲ್ಲುಸಾಲಿನ ಮುಂದೆ ನಿಂತ. ಎದುರಿಗೆ ಮಕ್ಕಳು ಅರ್ಧ ಸುತ್ತಾಗಿ ನಿಂತಿದ್ದವು. ಅಜಿತ್‌ಕುಮಾರ್ ಬಿಟ್ಟು ಎಲ್ಲರ ಕೈಯಲ್ಲೂ ಕೋಲು ಮೇಲಿತ್ತು. ಅವನ ಏಟು ತಿನ್ನದ ಮಗು ಅವರಲ್ಲಿ ಒಂದೂ ಇರಲಿಲ್ಲ. ಬಾಗಿದ. ಕತ್ತು ಬರಿದಾಗಿ ಮೇಲೆ ಬಂತು. ಅಂಗೈ ಮಣ್ಣಿಗೆ ತಾಗಿತು. ಬೆನ್ನ ಚರ್ಮ ತಾನಾಗಿ ಬಿಗಿದುಕೊಂಡು ಕಾಯಿತು. ಒಂದಾದರೂ ಬೀಳಲಿ ಎಂದು ಅವನೊಳಗೆ ಯಾವುದೋ ಒಂದು ಬಯಸುತ್ತಲೂ ಇತ್ತು. ಮಣ್ಣನ್ನು ಎಡಗಣ್ಣಿಗೆ ಒತ್ತಿಕೊಂಡ, ಬಲಗಣ್ಣಿಗೆ ಒತ್ತಿಕೊಂಡ. ಮೂಡಣ, ಪಡುವಣ, ಬಡಗಣ, ತೆಂಕಣ, ಆ ಕುಳ್ಳ ಕೋಲನ್ನು ನಾಲ್ಕು ಕಡೆಗೂ ತಗ್ಗಿಸಿದ.

ಹತ್ತು ಕೋಲು ಮೇಲಿದ್ದವು. ಒಂದೂ ಇಳಿಯಲಿಲ್ಲ.